ಪ್ರಾಗ್‌ನವರು ತರುವ ಸ್ವರ

ದೊಲ್ನಿ ಯಾವೊರಿ
26 ಆಗಸ್ಟ್ 1984

ಪ್ರೀತಿಯ ಅಣ್ಣ ವ್ರಾತಿಸ್ಲಾವ್,

ಮೊದಲು ಕೂತುಕೋ, ಆಮೇಲೆ ಓದು. ನಮ್ಮ ಅಪ್ಪ ಚರ್ಚಿನಲ್ಲಿ ಸಂಗೀತ ಕಛೇರಿ ಮಾಡಿಸುತ್ತಿದ್ದಾರೆ! ಅದೂ ಸರ್ಕಾರದ ಅಪ್ಪಣೆ ಪಡೆದು, ಊರ ಧ್ವನಿವರ್ಧಕದಲ್ಲಿ ಸಾರಿಸಿ. ಮೊನ್ನೆ ಬೆಳಿಗ್ಗೆ ಕೋಳಿಮರಿ ಲಸಿಕೆಯ ಪ್ರಕಟಣೆ ಮುಗಿದದ್ದೇ ತಡ, "ಅಕ್ಟೋಬರ್ ಹದಿಮೂರು, ಶನಿವಾರ, ಹಳೆಯ ಚೆಕ್ ಮೇಷ್ಟ್ರುಗಳ ಸಂಗೀತ" ಎಂದು ಕೂಗಿದರು. ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಬಿದ್ದೇ ಹೋಯಿತು.

ಕಥೆ ಹೀಗೆ. ಚರ್ಚಿನ ಅಟ್ಟದಲ್ಲಿ, ಆರ್ಗನ್ನಿನ ಹಿಂದಿನ ಪೆಟ್ಟಿಗೆಯಲ್ಲಿ, ಅಪ್ಪನಿಗೆ ಇಲಿ ತಿಂದ ಹಾಳೆಗಳು ಸಿಕ್ಕವಂತೆ. ಇನ್ನೂರು ವರ್ಷದ ಹಿಂದೆ ನಮ್ಮೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ, ಭಾನುವಾರ ಆರ್ಗನ್ ನುಡಿಸುತ್ತಿದ್ದ ತೋಮಾಶ್ ಲಿಪಾ ಎನ್ನುವ ಮೇಷ್ಟ್ರು ಬರೆದ, ಚರ್ಚಿನ ಬಲಿಪೂಜೆಯಲ್ಲಿ ಹಾಡುವ ಸಂಗೀತ. ಅಪ್ಪ ಅದನ್ನು ಚೊಕ್ಕ ಪ್ರತಿ ಮಾಡಿ ಜಿಲ್ಲಾ ಕಚೇರಿಗೆ ಒಯ್ದರು. ಅಪ್ಪಣೆ ಕೊಟ್ಟವರು ಯಾರು ಗೊತ್ತೇ? ಕಾಮ್ರೇಡ್ ಶಿಂದೆಲಾರ್. ಹೌದು, ಅದೇ ಶಿಂದೆಲಾರ್. "ಸತ್ತು ಇನ್ನೂರು ವರ್ಷ ಆದವನು ತಾನೇ? ಹಾಗಾದ್ರೆ ಅದು ಪರಂಪರೆ, ಧರ್ಮ ಅಲ್ಲ" ಅಂದನಂತೆ. ಮುಂದಿನ ಸಾಲಿನಲ್ಲಿ ತನಗೂ ಹೆಂಡತಿಗೂ ಜಾಗ ಬೇಕೆಂದನಂತೆ. ಅಪ್ಪ ಅವನ ಕೈ ಕುಲುಕಿ ಬಂದರು. ನನ್ನಿಂದಾಗಿದ್ದರೆ ಆ ಕೈಯನ್ನು ಕಚ್ಚುತ್ತಿದ್ದೆ.

ಗಾನವೃಂದದ ಅಭ್ಯಾಸ ಪಾದ್ರಿ ಹವೆಲ್ಕಾ ಅವರ ಅಡುಗೆಮನೆಯಲ್ಲಿ, ಹಾರ್ಮೋನಿಯಂ ಇಟ್ಟುಕೊಂಡು. ಎಪ್ಪತ್ತಾರು ವರ್ಷದ ನಮ್ಮ ಆರ್ಗನ್ ಮೇಷ್ಟ್ರು, ಅಂದರೆ ಅಪ್ಪ, ನಮ್ಮ ಬೆವರಿಳಿಸುತ್ತಿದ್ದಾರೆ. ಮುದುಕ ಪಜ್ದೇರಾ ಕೆಳಧ್ವನಿಯಲ್ಲಿ ಹಾಡುವಾಗ ಕಣ್ಣುಮುಚ್ಚುತ್ತಾನೆ. ಅಪ್ಪ ಕೋಲಿನಿಂದ ಮೇಜು ಬಡಿದು, "ಪಜ್ದೇರಾ, ನಿದ್ದೆ ಮಾಡೋಕೆ ಮನೇಲಿ ಹೆಂಡ್ತಿ ಬಿಡಲ್ವೇನೋ?" ಎನ್ನುತ್ತಾರೆ. ಒಂದು ವಿಚಿತ್ರ ಜಾಗವಿದೆ. 'ಸತ್ತವರ ಪುನರುತ್ಥಾನಕ್ಕಾಗಿ ಕಾಯುತ್ತೇನೆ' ಎನ್ನುವ ಸಾಲಿಗೆ ಮುಂಚೆ ನಾವೆಲ್ಲ ತುಂಬ ಹೊತ್ತು ಬಾಯಿ ಮುಚ್ಚಿ ನಿಲ್ಲಬೇಕು. ಹಾರ್ಮೋನಿಯಂ ಕೂಡ ಸುಮ್ಮನೆ. ನಾನು ಕೇಳಿದೆ: "ಅಪ್ಪಾ, ಇಲ್ಲಿ ಏನು ಬರುತ್ತೆ?" ಅಪ್ಪ ಎಂದರು: "ಅದನ್ನ ಪ್ರಾಗ್‌ನವರು ತರ್ತಾರೆ."

ಆ ಪ್ರಾಗ್‌ನವರು ಎಂದರೆ ನೀನು. ನಿನ್ನ ನಾಟಕಶಾಲೆಯ ವಾದ್ಯದವರನ್ನು ಒಂದು ದಿನಕ್ಕೆ ಹೊರಡಿಸಿಕೊಂಡು ಬಾ. ಊಟ ನಮ್ಮದು, ಹೆಂಗಸರೆಲ್ಲ ಸೇರಿ ಬಾತುಕೋಳಿ ಹುರಿಯುತ್ತೇವೆ, ಗಸಗಸೆ ತುಂಬಿದ ಕೊಲಾಚ್ ಬನ್ನು ಮಾಡುತ್ತೇವೆ. ಇಲ್ಲ ಎನ್ನಬೇಡ. ಅಪ್ಪನ ಹೃದಯದ ಬಗ್ಗೆ ವೈದ್ಯರು ಹೇಳಿದ್ದು ಚೆನ್ನಾಗಿಲ್ಲ. ಅಪ್ಪನಿಗೆ ಮಾತ್ರ ಒಂದೇ ಜಪ: "ಒಂದು ಸಲ ನಮ್ಮೂರವರು ಇದನ್ನ ಕೇಳ್ಬಿಟ್ರೆ ಸಾಕು." ಸ್ವರಲಿಪಿ ಈ ಕಟ್ಟಿನಲ್ಲೇ ಇದೆ. ಅಂದಹಾಗೆ ಅಪ್ಪ ಕೇಳುತ್ತಿದ್ದಾರೆ, ನಿನಗೆ ಹದಿನಾಲ್ಕಾದಾಗ ಕೊಡಿಸಿದ ಆ ಬೆಳ್ಳಿಯ ಬಾಯಿತುಂಡನ್ನೇ ಈಗಲೂ ಕೊಂಬಿಗೆ ಹಾಕಿ ಊದುತ್ತೀಯಾ ಅಂತ.

ನಿನ್ನ ತಂಗಿ,
ಬ್ಲಾಜೆನಾ


ಪ್ರಾಗ್
9 ಸೆಪ್ಟೆಂಬರ್ 1984

ಪುಟ್ಟ ಬ್ಲಾಜೆನ್ಕಾ,

ಬರುತ್ತೇವೆ! ಪಿಟೀಲಿನವರು ಬಾತುಕೋಳಿ ಎಂದ ಕೂಡಲೇ ಒಪ್ಪಿದರು, ಕೊಂಬಿನ ನನ್ನ ಜೋಡಿ ಯೋಸ್ಕಾ ಕೊಲಾಚ್ ಎಂದ ಮೇಲೆ. ಎಲ್ಲರನ್ನೂ ತಾಳ ಹಾಕಿ ನಡೆಸಲು ನೆಸ್ವಾದ್ಬಾ ಬರುತ್ತಾನೆ. ಒಳ್ಳೆಯವನು, ಕೂದಲು ಮಾತ್ರ ಸ್ವಲ್ಪ ಜಾಸ್ತಿ ಹಾರಾಡುತ್ತದೆ. ಹಾಳೆಗಳನ್ನು ಬಿಡಿಸಿ ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಬರೆಯುವ ಕೆಲಸ ನನ್ನ ತಲೆಗೇ ಬಂದಿದೆ.

ಸಂಗೀತ ಚೆನ್ನಾಗಿದೆ ಕಣೇ. ನಿಜವಾಗಿ ಚೆನ್ನಾಗಿದೆ. ಆ ಲಿಪಾ ಎಂಬ ಮಹಾರಾಯ ಹಳ್ಳಿಯ ಮೇಷ್ಟ್ರಾಗಿ ಏಕೆ ಕೊಳೆತನೋ ಗೊತ್ತಿಲ್ಲ. ಮೊದಲ ಭಾಗದಲ್ಲಿ ಕುಣಿತವಿದೆ, ಹಳ್ಳಿಯ ಮದುವೆಗೆ ಹೊರಟವರೆಲ್ಲ ದಾರಿತಪ್ಪಿ ಚರ್ಚಿಗೆ ಬಂದ ಹಾಗೆ. ನೆಸ್ವಾದ್ಬಾ ಓದಿ, "ಇವನು ಇಷ್ಟು ದಿನ ಎಲ್ಲಿದ್ದ?" ಎಂದ. ಪೆಟ್ಟಿಗೆಯಲ್ಲಿ, ಇಲಿಗಳ ಜೊತೆ ಎಂದೆ. ಕೊಂಬಿನ ಭಾಗ ಇನ್ನೂ ಬರೆದಿಲ್ಲ, ಅದು ಕೊನೆಗೆ.

ಹೌದು, ಅದೇ ಬೆಳ್ಳಿಯ ತುಂಡು. ಅದಿಲ್ಲದೆ ನನಗೆ ಊದಲು ಬರುವುದಿಲ್ಲ ಎಂದು ಅಪ್ಪನಿಗೆ ಹೇಳು. ಶಿಂದೆಲಾರ್ ವಿಷಯದಲ್ಲಿ ಬಾಯಿಗೆ ಕಡಿವಾಣ ಹಾಕಿಕೋ. ಸಕ್ಕರೆ ಕಾರ್ಖಾನೆಯಲ್ಲಿ ನಿನ್ನ ಕೆಲಸ ಉಳಿಯಬೇಕಲ್ಲ.

ಅಣ್ಣ


ಪ್ರಾಗ್
23 ಸೆಪ್ಟೆಂಬರ್ 1984

ಬ್ಲಾಜೆನಾ,

ಎರಡೇ ಮಾತು. ನಿನ್ನೆ ಇಲ್ಲಿ ಮೊದಲ ಅಭ್ಯಾಸವಾಯಿತು. ನನಗೆ ಕೆಲವು ವಿಷಯ ತಿಳಿಯಬೇಕು. ಅಪ್ಪನ ಪೂರ್ತಿ ಪ್ರತಿಯನ್ನು ಊರಿನಲ್ಲಿ ಯಾರಾದರೂ ನೋಡಿದ್ದಾರೆಯೇ? ಪಾದ್ರಿ? ಪಜ್ದೇರಾ? ಕೊಂಬಿನ ಭಾಗದ ಬಗ್ಗೆ ಅಪ್ಪ ಏನಾದರೂ ಹೇಳಿದರೇ? ನಿಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಈಗ ಬಾರಿಸುವುದು ಗಂಟೆಯೇ ತಾನೇ?

ಬೇಗ ಬರೆ. ಅಪ್ಪನಿಗೆ ತೋರಿಸಬೇಡ.

ವ್ರಾತಿಸ್ಲಾವ್


ದೊಲ್ನಿ ಯಾವೊರಿ
28 ಸೆಪ್ಟೆಂಬರ್ 1984

ಅಣ್ಣ,

ಇದೇನು ಪತ್ರವೋ, ಪೊಲೀಸರ ವಿಚಾರಣೆಯೋ? ಉತ್ತರ ತಗೋ. ಪೂರ್ತಿ ಪ್ರತಿಯನ್ನು ಯಾರೂ ನೋಡಿಲ್ಲ, ಇದ್ದದ್ದು ಒಂದೇ, ಅದು ನಿನ್ನ ಹತ್ತಿರವಿದೆ. ನಮ್ಮ ಕೈಯಲ್ಲಿರುವುದು ಹಾಡುವ ಸಾಲುಗಳು ಮಾತ್ರ. ಕಾರ್ಖಾನೆಯಲ್ಲಿ ವಿದ್ಯುತ್ ಗಂಟೆ. ನಾನು ಅಲ್ಲಿ ಸೇರುವ ಎಷ್ಟೋ ವರ್ಷ ಮೊದಲಿನಿಂದ ಅದೇ. ಬೀಟ್ ಅರೆಯುವ ಕಾಲ ಶುರುವಾಗಿದೆ, ಊರೆಲ್ಲ ಬೀಟ್ ಕೊಳೆತ ವಾಸನೆ, ನಾನು ಪ್ರಯೋಗಶಾಲೆಯಲ್ಲಿ ದಿನವಿಡೀ ಪಾಕ ಅಳೆಯುತ್ತೇನೆ. ನಿನಗೆ ಗಂಟೆಯ ಚಿಂತೆ!

ನನಗೆ ಅರ್ಥವಾಯಿತು ಬಿಡು. ಪ್ರಾಗ್‌ನ ದೊಡ್ಡವರಿಗೆ ಹಳ್ಳಿ ಮೇಷ್ಟ್ರ ಕೊಂಬಿನ ಭಾಗ ಸಪ್ಪೆ ಅನ್ನಿಸಿರಬೇಕು. ಬೇಡವಾದರೆ ನೇರವಾಗಿ ಹೇಳಬೇಕಿತ್ತು. ಕೋಪ ತಡೆಯದೆ ನಾನು ಅಪ್ಪನಿಗೆ ಹೇಳಿಯೇಬಿಟ್ಟೆ. "ನಿಮ್ಮ ಮಗ ಕೊಂಬಿನ ಬಗ್ಗೆ ಏನೇನೋ ಕೇಳ್ತಿದ್ದಾನೆ, ಕಾರ್ಖಾನೇಲಿ ಗಂಟೆನಾ ಅಂತಾನೆ" ಅಂದೆ. ಅಪ್ಪ ಎಲೆಕೋಸು ಹೆಚ್ಚುತ್ತಿದ್ದರು. ಚಾಕು ಕೆಳಗಿಟ್ಟರು. ನಕ್ಕರು ಅಣ್ಣ! ಅಮ್ಮ ಹೋದ ಮೇಲೆ ನಾನು ಆ ನಗು ಕಂಡಿರಲಿಲ್ಲ. "ಹಾಗಾದ್ರೆ ಅವನಿಗೆ ಕೇಳಿಸ್ತು" ಎಂದರು. ಏನು ಕೇಳಿಸಿತು ಎಂದರೆ, "ನಿಂಗೂ ಕೇಳಿಸುತ್ತೆ, ಸ್ವಲ್ಪ ತಾಳು" ಎಂದರು. ಮಾರನೆಯ ದಿನ ಹೋಗಿ ಹೊಸ ಬೂಟು ತಂದರು.

ಆ ಸಂಜೆ ಲೋಯ್ಜಿಕ್‌ನ ಫೋಟೋ ಒರೆಸಿ, ಅದರ ಜೊತೆ ಮಾತಾಡಿದರು. ಎಂದೂ ಆಡದವರು. ನಾನು ಆ ಅಣ್ಣನನ್ನು ನೋಡಲೇ ಇಲ್ಲ, ಅವನು ಸತ್ತ ಮಾರನೆಯ ವರ್ಷ ಹುಟ್ಟಿದವಳು. ಊರಿನವರು ಹೇಳಿದ್ದಷ್ಟೇ ನನಗೆ ಗೊತ್ತು: ಐವತ್ತೊಂದರಲ್ಲಿ ಕಾರ್ಖಾನೆಯ ಬಾಯ್ಲರ್ ಸಿಡಿಯಿತು, ಹದಿನಾರರ ಹುಡುಗ, ಕೆಲಸ ಕಲಿಯಲು ಸೇರಿದವನು, ಕಾವಲಿಗಿದ್ದು ನಿದ್ದೆ ಹೋಗಿದ್ದ. ಸರ್ಕಾರಿ ವರದಿಯೂ ಹಾಗೇ ಹೇಳಿತು. ವರದಿಗೆ ಸಹಿ ಹಾಕಿದ್ದು ಆಗ ಕಾರ್ಖಾನೆಯಲ್ಲಿದ್ದ ಶಿಂದೆಲಾರ್. ಲೋಯ್ಜಿಕ್ ಜೊತೆ ಇನ್ನೂ ಮೂವರು ಸತ್ತರು, ಆ ಮೂರು ಮನೆಯವರು ಇಂದಿಗೂ ನಮ್ಮ ಕಡೆ ನೋಡದೆ ಬ್ರೆಡ್ ಕೊಳ್ಳುತ್ತಾರೆ. ಹುಡುಗನ ಅಂತ್ಯಕ್ರಿಯೆಗೆ ಸಂಗೀತ ಕೂಡದು ಎಂದರಂತೆ. ಪ್ರತಿವರ್ಷ ಸತ್ತವರ ಹಬ್ಬದ ದಿನ ಸ್ಮಶಾನವೆಲ್ಲ ದೀಪ, ನಮ್ಮ ಲೋಯ್ಜಿಕ್‌ನ ಕಲ್ಲಿನ ಮೇಲೆ ಅಪ್ಪನದೊಂದು, ನನ್ನದೊಂದು. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು, ಆಗ ನಿನಗೆ ಏಳು ವರ್ಷ. ಆದರೆ ನೀನೂ ಹೇಳುವುದಿಲ್ಲ.

ಹದಿಮೂರಕ್ಕೆ ಬಾ. ಮುಖ ಊದಿಸಿಕೊಂಡು ಬಂದರೂ ಸರಿ.

ಬ್ಲಾಜೆನಾ


ಪ್ರಾಗ್
7 ಅಕ್ಟೋಬರ್ 1984

ಪುಟ್ಟ ಬ್ಲಾಜೆನ್ಕಾ,

ನಿನಗೆ ಬೇಸರವಾಗುವ ಸುದ್ದಿ. ತುಟಿಯಲ್ಲಿ ಹುಣ್ಣು. ಕೊಂಬು ಮುಟ್ಟಿಸಲೂ ಆಗುತ್ತಿಲ್ಲ. ವೈದ್ಯರು ಎರಡು ವಾರ ಊದಬೇಡಿ ಎಂದಿದ್ದಾರೆ. ನನ್ನ ಬದಲು ಇನ್ನೊಬ್ಬ ಬರುತ್ತಾನೆ, ಯೋಸ್ಕಾ ಅವನ ಪಕ್ಕದಲ್ಲಿರುತ್ತಾನೆ. ಊದಲಾಗದವನು ಸುಮ್ಮನೆ ಬಸ್ಸಿನಲ್ಲಿ ಜಾಗ ಹಿಡಿಯುವುದೇಕೆ ಎಂದು ನಾನು ಉಳಿಯುತ್ತಿದ್ದೇನೆ.

ಕಾರ್ಯಕ್ರಮದಲ್ಲಿ ಇನ್ನೆರಡು ಹಳೆಯ ಕೃತಿಗಳನ್ನೂ ಸೇರಿಸಿದ್ದೇವೆ, ಜನ ಅದನ್ನೂ ಇಷ್ಟಪಡುತ್ತಾರೆ. ಲಿಪಾನ ಬಲಿಪೂಜೆಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ತಿದ್ದುಪಡಿ ಇದೆ, ಪ್ರತಿ ಮಾಡುವಾಗಿನ ತಪ್ಪುಗಳು. ಅಪ್ಪನಿಗೆ ಅದನ್ನೆಲ್ಲ ಹೇಳುವ ಅಗತ್ಯವಿಲ್ಲ. ಚಳಿ ಇರುತ್ತದೆ, ಅಟ್ಟ ಹತ್ತುವ ಮುಂಚೆ ಅಪ್ಪನಿಗೆ ಉಣ್ಣೆಯ ಬನಿಯನ್ ಹಾಕಿಸು.

ಕ್ಷಮಿಸು.
ಅಣ್ಣ


ದೊಲ್ನಿ ಯಾವೊರಿ
14 ಅಕ್ಟೋಬರ್ 1984, ಭಾನುವಾರ

ವ್ರಾತಿಸ್ಲಾವ್,

ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ನಿನ್ನೆ ಆದದ್ದು ಆದ ಹಾಗೆಯೇ ಬರೆಯುತ್ತೇನೆ. ಆಮೇಲೆ ನೀನು ನನಗೆ ಒಂದು ಉತ್ತರ ಕೊಡಬೇಕು.

ನಿಮ್ಮವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬೆಳಿಗ್ಗೆ ಎಲ್ಲರೂ ಸೇರಿ ಒಂದು ಸಲ ಹಾಡಿ ನೋಡುವುದೆಂದಿತ್ತು, ಅದು ಆಗಲೇ ಇಲ್ಲ. ಜನ ಕೂತಾದ ಮೇಲೆ ಅವರು ಬಂದು ಬಾತುಕೋಳಿಯ ಮುಖ ಸಹ ನೋಡದೆ ಅಟ್ಟ ಹತ್ತಿದರು. ಅಟ್ಟದಲ್ಲಿ ಎಷ್ಟು ಇಕ್ಕಟ್ಟೆಂದು ಗೊತ್ತಲ್ಲ, ಪಿಟೀಲಿನವಳ ಮೊಣಕೈ ನನ್ನ ಪಕ್ಕೆಗೆ. ಕೆಳಗೆ ಚರ್ಚು ತುಂಬಿ, ಜನ ಬಾಗಿಲ ಹೊರಗೂ ನಿಂತಿದ್ದರು. ಚರ್ಚಿಗೆ ಎಂದೂ ಕಾಲಿಡದ ಕಾರ್ಖಾನೆಯ ಮುದುಕರೂ ಬಂದಿದ್ದರು, ಸರ್ಕಾರವೇ ಸಾರಿದ ಮೇಲೆ ಭಯವೇನು? ಮುಂದಿನ ಸಾಲಿನಲ್ಲಿ ಶಿಂದೆಲಾರ್ ಮತ್ತು ಅವನ ಹೆಂಡತಿ. ಎಲ್ಲರ ಬೆನ್ನೂ ನಮ್ಮ ಕಡೆಗೆ.

ಮೊದಲಿನ ಎರಡು ಕೃತಿ ಚೆನ್ನಾಗಿ ಹೋದವು. ಆಮೇಲೆ ನಮ್ಮದು. ಅಣ್ಣ, ಪಿಟೀಲು ಸೇರಿದಾಗ ಆ ಅಡುಗೆಮನೆ ಸಂಗೀತ ಏನಾಗಿಬಿಟ್ಟಿತು! ಹಾಡುತ್ತಾ ಹಾಡುತ್ತಾ ನನಗೆ ಅಳು ಬಂತು. ಅಪ್ಪ ಆರ್ಗನ್ ಮುಂದೆ, ಮೇಲಿರುವ ಸಣ್ಣ ಕನ್ನಡಿಯಲ್ಲಿ ನೆಸ್ವಾದ್ಬಾನ ಕೈ ನೋಡುತ್ತಾ, ಹೊಸ ಬೂಟಿನ ಕಾಲು ಆಡಿಸುತ್ತಾ ಕೂತಿದ್ದರು. ಮುಖದಲ್ಲಿ ಎಂಥ ಕಳೆ!

ಆ ಜಾಗ ಬಂತು. ನಾವು ಬಾಯಿ ಮುಚ್ಚಿದೆವು. ಪಿಟೀಲು ನಿಂತಿತು. ನೆಸ್ವಾದ್ಬಾ ತಾಳ ಹಾಕುತ್ತಿದ್ದಾನೆ, ಆದರೆ ಯಾರೂ ಏನೂ ನುಡಿಸುತ್ತಿಲ್ಲ. ಖಾಲಿ. ಅಪ್ಪ ಕತ್ತು ತಿರುಗಿಸಿ ಕೊಂಬಿನವರನ್ನು ನೋಡಿದರು. ಅವರಿಬ್ಬರೂ ಕೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಯೋಸ್ಕಾ ಕರ್ಚೀಫಿನಿಂದ ಮೂಗು ಒರೆಸಿಕೊಂಡ. ಅಪ್ಪನ ಮುಖ ಬಿಳಿಚಿತು. ಇದ್ದ ಕಳೆಯನ್ನು ಯಾರೋ ಕೈಯಿಂದ ಅಳಿಸಿದ ಹಾಗಾಯಿತು. ಹೃದಯ ಹೋಯಿತು, ಈಗ ಬೀಳುತ್ತಾರೆ ಎಂದುಕೊಂಡೆ.

ಬೀಳಲಿಲ್ಲ. ಆರ್ಗನ್ನಿನ ದನಿ ಹೆಚ್ಚಿಸುವ ಗುಬುಟುಗಳನ್ನೆಲ್ಲ ಎರಡೂ ಕೈಯಿಂದ ಎಳೆದರು. ಎರಡು ಸ್ವರ ಒತ್ತಿದರು. ಒಂದು ಮೇಲಿನದು, ಒಂದು ಅದಕ್ಕಿಂತ ಸ್ವಲ್ಪ ಕೆಳಗಿನದು. ಮತ್ತೆ ಮೇಲಿನದು, ಮತ್ತೆ ಕೆಳಗಿನದು. ಆ ಕೆಳಗಿನದನ್ನು ಬಿಡಲೇ ಇಲ್ಲ.

ನಾನೆಂಥ ಪೆದ್ದಿ ನೋಡು! ಒದ್ದೆ ಹವೆಯಲ್ಲಿ ನಮ್ಮ ಆರ್ಗನ್ನಿನ ಸ್ವರ ಸಿಕ್ಕಿಕೊಳ್ಳುವುದು ಇದ್ದದ್ದೇ ಅಲ್ಲವೇ, ಹಾಗೇ ಸಿಕ್ಕಿಕೊಂಡಿದೆ ಎಂದುಕೊಂಡೆ. ಹೋಗಿ ಅದಕ್ಕೆ ಗಾಳಿ ತುಂಬುವ ಮೋಟರು ಆರಿಸೋಣವೆಂದು ಹೆಜ್ಜೆ ಕೂಡ ಇಟ್ಟೆ. ಆಗ ಪಕ್ಕದಲ್ಲಿದ್ದ ಮುದುಕಿ ಅನೆಶ್ಕಾ ನನ್ನ ತೋಳು ಹಿಡಿದಳು. ಉಗುರು ನಾಟುವ ಹಾಗೆ. ಅವಳ ತುಟಿ ಅಲುಗುತ್ತಿತ್ತು. "ಕಾರ್ಖಾನೆ ಕೂಗು... ಅದೇ ಹಳೇ ಉಗಿ ಕೂಗು..." ಎಂದಳು. ಆ ಅಪಘಾತದಲ್ಲಿ ಅವಳ ಗಂಡನೂ ಸತ್ತಿದ್ದ.

ಕೆಳಗೆ ನೋಡಿದೆ. ಯಾರೂ ಅಟ್ಟದ ಕಡೆ ನೋಡಲಿಲ್ಲ. ಐವತ್ತು ದಾಟಿದವರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು, ಯಾರೂ ಹೇಳದೆ. ಗಂಡಸರು ಬಾಗಿಲ ಕಡೆಗೆ ಹೊರಳಿದರು, ಓಡಿಹೋಗಬೇಕೆನ್ನುವವರಂತೆ. ನಾವು, ಆಮೇಲೆ ಹುಟ್ಟಿದವರು, ಏನೂ ತಿಳಿಯದೆ ಅವರ ಮುಖ ನೋಡುತ್ತಾ ಇದ್ದೆವು. ಆ ಸ್ವರ ನಿಲ್ಲುತ್ತಲೇ ಇಲ್ಲ. ಕಿಟಕಿಯ ಗಾಜು ನಡುಗುತ್ತಿತ್ತು. ನೆಸ್ವಾದ್ಬಾ ಕೈ ಎತ್ತಿದವನು ಇಳಿಸುವುದನ್ನೇ ಮರೆತಿದ್ದ.

ಪಜ್ದೇರಾ ತನ್ನ ಜಾಗ ಬಿಟ್ಟು ಬಂದ. ಪಿಟೀಲಿನವರನ್ನು ತಳ್ಳಿಕೊಂಡು ಆರ್ಗನ್ ಹತ್ತಿರ ಹೋದ. ಅಪ್ಪನ ಕೈಯ ಮೇಲೆ ತನ್ನ ಕೈ ಇಟ್ಟು ಮೆಲ್ಲಗೆ ಎತ್ತಿದ. ಅಷ್ಟು ಜನ, ಒಂದು ಕೆಮ್ಮಿಲ್ಲ. ಅದರಲ್ಲಿ ಪಜ್ದೇರಾ ಮಾತಾಡಿದ. ಗಟ್ಟಿಯಾಗೇನೂ ಅಲ್ಲ, ಆದರೆ ಅವನ ಆ ಕೆಳಧ್ವನಿ ಅಟ್ಟದಿಂದ ಪೂಜಾಪೀಠದವರೆಗೂ ಹೋಯಿತು.

"ಸಾಕು ಮೇಷ್ಟ್ರೇ. ಉಗಿ ನಿಲ್ಸಿದೀನಿ, ಅವತ್ತೂ ನಾನೇ ನಿಲ್ಸಿದ್ದು. ನಿಮ್ಮ ಹುಡುಗ ನಿದ್ದೆ ಮಾಡಿರ್ಲಿಲ್ಲ. ವಾಲ್ವು ತಿರುಗ್ತಿಲ್ಲ ಅಂತ ಓಡಿಬಂದು, ಬಾಯ್ಲರ್ ಮೇಸ್ತ್ರಿ ಆಗಿದ್ದ ನಂಗೆ ಹೇಳ್ದ. ಮೇಲಿನೋರು ಉರಿ ಕಮ್ಮಿ ಮಾಡ್ಬೇಡಿ ಅಂದಿದ್ರು, ವಾಪಸ್ ಹೋಗೋ ಅಂದೆ. ಕೂಗಿನ ಹಗ್ಗ ಎಳ್ದು ಎಲ್ರನ್ನೂ ಎಚ್ಚರಿಸ್ದವನು ಅವನೇ. ಹಗ್ಗ ಹಿಡ್ಕೊಂಡೇ ಪ್ರಾಣ ಬಿಟ್ಟ."

ಅಣ್ಣ, ಮೂವತ್ತೆರಡು ವರ್ಷ ನಾನು ನಿದ್ದೆಬುರುಕನ ತಂಗಿಯಾಗಿ ಈ ಊರಿನಲ್ಲಿ ನಡೆದಿದ್ದೇನೆ. ಪಜ್ದೇರಾನ ಮನೆಯಿಂದ ಪ್ರತಿ ವರ್ಷ ನಮಗೆ ಪ್ಲಮ್ ಹಣ್ಣು ಬರುತ್ತಿತ್ತು, ಎಷ್ಟು ಒಳ್ಳೆಯವನು ಎಂದುಕೊಳ್ಳುತ್ತಿದ್ದೆ!

ಮುಂದೆ ಏನಾಯಿತೆಂದರೆ, ಅಪ್ಪ ಕನ್ನಡಿಯಲ್ಲಿ ನೆಸ್ವಾದ್ಬಾನನ್ನು ನೋಡಿ ತಲೆಯಾಡಿಸಿದರು. ಅವನು ಕೈ ಇಳಿಸಿದ. 'ಸತ್ತವರ ಪುನರುತ್ಥಾನಕ್ಕಾಗಿ ಕಾಯುತ್ತೇನೆ.' ನಾವು ಹಾಡಿದೆವು. ಅನೆಶ್ಕಾ ನನ್ನ ತೋಳು ಬಿಡದೆಯೇ ಹಾಡಿದಳು. ಪಜ್ದೇರಾ ತನ್ನ ಜಾಗಕ್ಕೆ ಹೋಗಲಿಲ್ಲ, ಅಪ್ಪನ ಪಕ್ಕದಲ್ಲೇ ನಿಂತು ಹಾಡಿದ, ಕಣ್ಣು ತೆರೆದುಕೊಂಡು. ಶಿಂದೆಲಾರ್ ಎದ್ದು ಪಕ್ಕದ ಬಾಗಿಲಿನಿಂದ ಹೋದ. ಅವನ ಹೆಂಡತಿ ಹೋಗಲಿಲ್ಲ. ಕೊನೆಯವರೆಗೂ ಒಬ್ಬಳೇ ಆ ಸಾಲಿನಲ್ಲಿ ಕೂತಿದ್ದಳು.

ಚರ್ಚಿನಲ್ಲಿ ಚಪ್ಪಾಳೆ ಹೊಡೆಯುವುದು ನಮ್ಮಲ್ಲಿಲ್ಲ. ಅಪ್ಪ ಅಟ್ಟ ಇಳಿದು ನಡುವಿನ ದಾರಿಯಲ್ಲಿ ಹೋಗುವಾಗ ಒಬ್ಬೊಬ್ಬರೂ ಟೋಪಿ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡರು. ಮನೆಗೆ ಬಂದು ಬೂಟು ಬಿಚ್ಚುತ್ತಾ ಅಪ್ಪ ಹೇಳಿದರು, ಲಿಪಾ ಇದ್ದದ್ದು ನಿಜ, ಪೆಟ್ಟಿಗೆ ಇದ್ದದ್ದೂ ನಿಜ, ಆದರೆ ಅದರಲ್ಲಿ ಇದ್ದದ್ದು ಇಲಿ ಮಾತ್ರ. ಬರೆದದ್ದು ಅಪ್ಪ. ಮಗನಿಗೆ ಸಿಗದ ಪೂಜೆಯನ್ನು ಇಷ್ಟು ವರ್ಷ ಸ್ವಲ್ಪ ಸ್ವಲ್ಪವಾಗಿ ಬರೆದು, ಸತ್ತ ಮೇಷ್ಟ್ರ ಹೆಸರು ಹಾಕಿ, ಶಿಂದೆಲಾರ್‌ನಿಂದಲೇ ಅಪ್ಪಣೆ ಪಡೆದರು! "ನಿದ್ದೆ ಮಾಡಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ?" ಎಂದೆ. "ಗೊತ್ತಿರ್ಲಿಲ್ಲ. ಆದ್ರೆ ಆ ಕೂಗು ಕೇಳಿದ್ರೆ ಗೊತ್ತಿರೋನು ಬಾಯಿ ಬಿಟ್ಟಾನು ಅಂತ ಇತ್ತು" ಎಂದರು.

ಈಗ ನನ್ನ ಪ್ರಶ್ನೆ. ಬಸ್ಸು ಹತ್ತುವಾಗ ಯೋಸ್ಕಾನನ್ನು ಹಿಡಿದು, ನೀವು ಯಾಕೆ ಊದಲಿಲ್ಲ ಎಂದು ಕೇಳಿದೆ. ಅವನು ಪಾಪ ತಡವರಿಸಿದ. "ಅಲ್ಲಿ ಪೆನ್ಸಿಲ್ ಗೀಟು ಹಾಕಿತ್ತಮ್ಮ. ಪ್ರತಿ ಮಾಡುವಾಗ ತಪ್ಪಾಗಿದೆ, ಊದ್ಬೇಡಿ ಅಂತ ನಿಮ್ಮಣ್ಣನೇ ಹೇಳಿದ್ದು" ಎಂದ. ನಿನ್ನ ತುಟಿಯ ಹುಣ್ಣು ಹೇಗಿದೆ ಎಂದೂ ಕೇಳಿದೆ. "ಯಾವ ಹುಣ್ಣು?" ಎಂದ.

ಯಾವ ಹುಣ್ಣು, ಅಣ್ಣ?

ಬ್ಲಾಜೆನಾ


ಪ್ರಾಗ್
19 ಅಕ್ಟೋಬರ್ 1984

ಬ್ಲಾಜೆನಾ,

ಹುಣ್ಣಿರಲಿಲ್ಲ.

ಮೊದಲ ಅಭ್ಯಾಸದ ದಿನ ಬರೆದದ್ದನ್ನು ನೋಡಿ ಊದಿದೆ, ಏನೆಂದು ಯೋಚಿಸಿರಲಿಲ್ಲ. ನನ್ನ ಕೊಂಬಿನಿಂದಲೇ ಅದು ಹೊರಗೆ ಬಂತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯೋಸ್ಕಾ ನಕ್ಕ, ಕಣಜ ಕಚ್ಚಿತೇ ಎಂದ. ಕೂಗು ಕೇಳಿದಾಗ ನಾನು ಅಂಗಳದಲ್ಲಿ ಬಾತುಗಳಿಗೆ ಮೇವು ಹಾಕುತ್ತಿದ್ದೆ. ಪಾಳಿ ಮುಗಿಯಿತು, ಲೋಯ್ಜಿಕ್ ಬರುತ್ತಾನೆ ಎಂದು ಬಾಗಿಲಿಗೆ ಓಡಿದೆ. ಕೂಗು ನಿಲ್ಲಲಿಲ್ಲ. ಅಮ್ಮ ಹೊರಗೆ ಬಂದಳು, ನನ್ನನ್ನು ಒಳಗೆಳೆದು, ಹಾಸಿಗೆ ದಿಂಬನ್ನೆಲ್ಲ ಕಿಟಕಿಗೆ ತುರುಕಿದಳು. ಆದರೂ ಕೇಳಿಸುತ್ತಿತ್ತು. ನಾನು ಕೊಂಬು ಕಲಿತದ್ದು ಏಕೆ ಎಂದು ಜನ ಕೇಳುತ್ತಾರೆ. ಅದಕ್ಕಿಂತ ಗಟ್ಟಿಯಾಗಿ ಇನ್ನೇನನ್ನಾದರೂ ಊದಬೇಕಿತ್ತು, ಅಷ್ಟೇ.

ಇನ್ನೂರು ವರ್ಷದ ಹಿಂದೆ ನಮ್ಮೂರಿನಲ್ಲಿ ಸಕ್ಕರೆ ಕಾರ್ಖಾನೆಯೇ ಇರಲಿಲ್ಲ. ಹಾಗಾಗಿ ಬರೆದದ್ದು ಯಾರೆಂದು ಆ ಗಳಿಗೆಯಲ್ಲೇ ತಿಳಿಯಿತು. ಊರವರ ಮುಂದೆ, ಶಿಂದೆಲಾರ್‌ನ ಮುಂದೆ ಅಪ್ಪ ನನ್ನಿಂದ ಅದನ್ನು ಊದಿಸಲಿದ್ದಾರೆ ಎಂದೂ ತಿಳಿಯಿತು. ಹೆದರಿದೆ. ಮುಂದಿನ ತಿಂಗಳು ನಾಟಕಶಾಲೆ ವಿಯೆನ್ನಾಕ್ಕೆ ಹೋಗುತ್ತಿದೆ, ಪಟ್ಟಿಯಲ್ಲಿ ನನ್ನ ಹೆಸರಿದೆ. ಮಗಳಿಗೆ ಈ ವರ್ಷ ಶಾಲೆಯಲ್ಲಿ ಸೀಟು ಸಿಗಬೇಕು. ಅಪ್ಪನಿಗೆ ತೊಂದರೆಯಾಗಬಾರದೆಂದು ಗೀಟು ಹಾಕಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುವಾಗಲೇ ಸುಳ್ಳೆಂದು ಗೊತ್ತಿತ್ತು.

ಹುಡುಗ ಹಗ್ಗ ಎಳೆದ ಎಂದು ಬರೆದಿದ್ದೀಯ. ಆ ಸಾಲು ಓದಿ ಮುಂದಕ್ಕೆ ಹೋಗಲಾಗಲಿಲ್ಲ. ಅದು ಯಂತ್ರದ ಕೂಗು ಎಂದುಕೊಂಡಿದ್ದೆ ಬ್ಲಾಜೆನಾ. ಅವನು ಕೂಗುತ್ತಿದ್ದ. ನಾನು ಅವನ ಬಾಯಿ ಮುಚ್ಚಿದೆ.

ಅಪ್ಪನಿಗೆ ಇದನ್ನು ಓದಿ ಹೇಳು.

ವ್ರಾತಿಸ್ಲಾವ್


ದೊಲ್ನಿ ಯಾವೊರಿ
24 ಅಕ್ಟೋಬರ್ 1984

ಅಣ್ಣ,

ಓದಿ ಹೇಳಿದೆ. ಅಪ್ಪ ಎದ್ದು ಹೋಗಿ ಸೌದೆ ಒಡೆದರು, ವೈದ್ಯರು ಬೇಡವೆಂದ ಕೆಲಸ. ನಾನೂ ತಡೆಯಲಿಲ್ಲ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆ ಎಂದರೆ, ಈ ಪತ್ರ ಮೂರು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ. ಎದುರಿಗಿದ್ದಿದ್ದರೆ ಲಟ್ಟಣಿಗೆಯಲ್ಲಿ ಬಾರಿಸುತ್ತಿದ್ದೆ.

ಇಲ್ಲಿನ ಸಮಾಚಾರ. ಅಪ್ಪನನ್ನು ಜಿಲ್ಲೆಗೆ ಕರೆಸಿದರು. ಕಚೇರಿಗೆ ಮೋಸ ಮಾಡಿದಿರಿ ಎಂದರು. ಅಪ್ಪ ಒಪ್ಪಿಕೊಂಡರು. ಇನ್ನು ಮುಂದೆ ನಮ್ಮ ಚರ್ಚಿನಲ್ಲಿ ಕಛೇರಿ ಇಲ್ಲ. ನನ್ನನ್ನು ಪ್ರಯೋಗಶಾಲೆಯಿಂದ ಬೀಟ್ ತೊಳೆಯುವ ಜಾಗಕ್ಕೆ ಹಾಕಿದರು, ಬೆರಳೆಲ್ಲ ಬಿರಿದಿವೆ. ಪಜ್ದೇರಾ ಯಾರೂ ಕರೆಯದೆ ಬಸ್ ಹತ್ತಿ ಜಿಲ್ಲೆಗೆ ಹೋಗಿ, ಅಟ್ಟದಲ್ಲಿ ಹೇಳಿದ್ದನ್ನೇ ಅಲ್ಲಿಯೂ ಹೇಳಿ ಬಂದ. ಬರೆದುಕೊಳ್ಳಲು ಅವರು ಒಪ್ಪಲಿಲ್ಲವಂತೆ. "ಬರ್ಕೊಳ್ದಿದ್ರೆ ಹೋಗ್ಲಿ, ಕೇಳಿಸ್ಕೊಂಡ್ರಲ್ಲ" ಎನ್ನುತ್ತಾನೆ.

ಅನೆಶ್ಕಾ ನಿನ್ನೆ ಬ್ರೆಡ್ ಅಂಗಡಿಯಲ್ಲಿ ನನ್ನ ಕಡೆ ತಿರುಗಿ, "ಹೆಂಗಿದೀಯ ಮಗಾ?" ಎಂದಳು. ನಾನು ಬ್ರೆಡ್ ಮರೆತು ಮನೆಗೆ ಬಂದೆ.

ಸದ್ಯಕ್ಕೆ ಬರೆಯಬೇಡ. ನಾನೂ ಬರೆಯುವುದಿಲ್ಲ.

ಬ್ಲಾಜೆನಾ


ದೊಲ್ನಿ ಯಾವೊರಿ
3 ನವೆಂಬರ್ 1984

ಅಣ್ಣ,

ಬರೆಯುವುದಿಲ್ಲ ಎಂದಿದ್ದೆ. ಬರೆಯದೆ ಇರಲಾಗುತ್ತಿಲ್ಲ.

ನಿನ್ನೆ ಸತ್ತವರ ಹಬ್ಬ. ಪಾಳಿ ಮುಗಿಸಿ ಬಂದು ಅಪ್ಪನ ಜೊತೆ ಸ್ಮಶಾನಕ್ಕೆ ಹೊರಟೆ. ನಮ್ಮ ಎರಡು ದೀಪ ಬುಟ್ಟಿಯಲ್ಲಿದ್ದವು. ಗೇಟು ದಾಟಿ ಗೋಡೆಯ ಕಡೆಗೆ ತಿರುಗಿದಾಗ ಅಪ್ಪ ನಿಂತುಬಿಟ್ಟರು. "ದಾರಿ ತಪ್ಪಿದ್ವಾ?" ಎಂದರು. ತಪ್ಪಿರಲಿಲ್ಲ. ಲೋಯ್ಜಿಕ್‌ನ ಕಲ್ಲು ಕಾಣಿಸುತ್ತಲೇ ಇರಲಿಲ್ಲ, ಅಷ್ಟು ದೀಪ. ಕಲ್ಲಿನ ಮೇಲೆ, ಸುತ್ತ, ದಾರಿಯವರೆಗೂ, ಜನ ಅಡ್ಡಾಡಲು ಜಾಗವಿಲ್ಲದ ಹಾಗೆ. ಮೇಣ ಕರಗಿ ಜಲ್ಲಿಕಲ್ಲಿನ ಮೇಲೆ ಹರಿದಿತ್ತು. ಆ ಮೂರು ಮನೆಯವರೂ ಅಲ್ಲೇ ನಿಂತಿದ್ದರು. ಅನೆಶ್ಕಾ ತನ್ನ ಗಂಡನ ಕಲ್ಲಿನಿಂದ ದೀಪ ಎತ್ತಿ ತಂದು ಇಲ್ಲಿಟ್ಟಳು. ಶಿಂದೆಲಾರ್‌ನ ಹೆಂಡತಿಯೂ ಬಂದಿದ್ದಳಂತೆ, ಕತ್ತಲಾಗುವ ಮುಂಚೆ, ಒಬ್ಬಳೇ. ನಮ್ಮ ಎರಡು ದೀಪ ಇಡಲು ಜಾಗ ಹುಡುಕಬೇಕಾಯಿತು ಅಣ್ಣ! ಅಪ್ಪ ಅಲ್ಲಿ ನಿಂತು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನಾನು ಅಪ್ಪ ಅಳುವುದನ್ನು ಕಂಡದ್ದು ಅದೇ ಮೊದಲು.

ಬಗ್ಗಿ ದೀಪ ಇಡುವಾಗ ಕಲ್ಲಿನ ಬುಡದಲ್ಲಿ ಏನೋ ಮಿನುಗಿತು. ಎತ್ತಿಕೊಂಡೆ. ನಿನ್ನ ಬೆಳ್ಳಿಯ ಬಾಯಿತುಂಡು.

ಬಂದಿದ್ದೆಯಾ? ಯಾವ ಬಸ್ಸಿಗೆ? ಊರಿಗೆ ಬಂದು ಮನೆಗೆ ಬಾರದೆ ಹೋದೆಯಾ? ಒಲೆಯ ಮೇಲೆ ಬಿಸಿ ಸೂಪ್ ಇತ್ತು. ಅದಿಲ್ಲದೆ ಊದಲು ಬರುವುದಿಲ್ಲ ಎಂದವನು ಅದನ್ನೇ ಬಿಟ್ಟು ಹೋದೆಯಲ್ಲ, ಇನ್ನು ಊದುವುದೇ ಇಲ್ಲವೆಂದೇ? ಅದನ್ನು ಕೈಯಲ್ಲಿ ಹಿಡಿದಾಗ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. ಆ ತುಂಡು ಮಂಜಿನಂತೆ ತಣ್ಣಗಿತ್ತು. ಅಪ್ಪನಿಗೆ ಕೊಟ್ಟೆ.

ಅಪ್ಪ ಕರ್ಚೀಫಿನಿಂದ ಅದರ ಮೇಣ ಒರೆಸಿದರು. ಬೆಳಕಿಗೆ ಹಿಡಿದು ಒಳಗೆ ನೋಡಿದರು. ಊದಿ ಮಣ್ಣು ತೆಗೆದರು. ಕೋಟಿನ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಅಷ್ಟರಲ್ಲಿ ಪಾದ್ರಿ ಹವೆಲ್ಕಾ ಬಂದರು. ಕಛೇರಿಗೆ ಅಪ್ಪಣೆ ಬೇಕು, ಕ್ರಿಸ್‌ಮಸ್ ಪೂಜೆಗೆ ಬೇಡವಲ್ಲ, ಆ ಸಂಗೀತವನ್ನು ಪೂಜೆಯೊಳಗೇ ಹಾಡೋಣ ಎಂದರು. ಅನೆಶ್ಕಾ ಆಗಲೇ ಒಪ್ಪಿದ್ದಾಳೆ, ಪಜ್ದೇರಾನೂ. ಪಿಟೀಲಿಗೆ ನಮ್ಮೂರ ಮಕ್ಕಳೇ ಸಾಕಂತೆ. "ಕೊಂಬು ಮಾತ್ರ ಇಲ್ಲ ಮೇಷ್ಟ್ರೇ, ಆ ಜಾಗದಲ್ಲಿ ಏನು ಮಾಡೋದು? ಆರ್ಗನ್ನಲ್ಲೇ ಬಾರಿಸ್ತೀರಾ?" ಎಂದರು ಪಾದ್ರಿ.

"ಬಾರಿಸಲ್ಲ" ಎಂದರು ಅಪ್ಪ. "ಆ ಜಾಗ ಖಾಲಿ ಇರ್ಲಿ. ಪ್ರಾಗ್‌ನವರು ತರ್ತಾರೆ."

ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ, "ಅಪ್ಪಾ, ಆ ತುಂಡನ್ನ ನಾಳೆ ಪೋಸ್ಟಿಗೆ ಹಾಕ್ಲಾ?" ಅಪ್ಪ ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಡೆಯುತ್ತಿದ್ದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನ್ನದೇನನ್ನೂ ಸೇರಿಸುವುದಿಲ್ಲ.

"ಬೇಡ. ಬಂದು ತಗೊಂಡು ಹೋಗ್ಲಿ ಅಂತ ಬರಿ."

ಬ್ಲಾಜೆನಾ